ಎಂಟರಲ್ಲಿ ಒಂದು ಭೋಗ

(ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ಕೆರೆಯ ಮೇಲ್ಗಡೆ ಹನ್ನೊಂದು ಎಕರೆ ಜಮೀನು: ಕೆಳಗೆ ರಾಗಿ ಹೊಲ, ನಡುವೆ ಮಾವಿನ ಮರ, ಮೇಲೆ ನಾಲ್ಕು ಎಕರೆ ಹುಲ್ಲುಬೀಳು. ಅತ್ತೆ ಅದರ ಯಜಮಾನಿ. ಅಳಿಯ ಅವಳ ಅಣ್ಣನ ಮಗ, ಶ್ರೀನಿವಾಸಪುರದ ಕಡೆಯವನು. ಇಪ್ಪತ್ತು ವರ್ಷದಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುವುದು ಅವನ ಕಸುಬು. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಜಗುಲಿಯ ಮೇಲೆ ಆಡಿದ ಮಾತು ಇದು.)

ಅತ್ತೆ: ಪೂರ್ತಿ ಓದಪ್ಪ, ಒಂದಕ್ಷರ ಬಿಡಬೇಡ. ಲೇಔಟ್‌ನೋರು ಕೊಟ್ಟಿರೋ ಅಗ್ರಿಮೆಂಟು. ನನ್ನ ಮಗ ಬೆಂಗಳೂರಿಂದ ಕಳಿಸಿದಾನೆ, ಸೋಮವಾರ ಸಹಿ ಹಾಕಮ್ಮ ಅಂತಾನೆ. ನನ್ನ ಅಳಿಯ ನೋಡೋ ತನಕ ಅಡ್ವಾನ್ಸ್ ಮುಟ್ಟಲ್ಲ ಅಂತ ನಾನೇ ಹಟ ಹಿಡಿದೆ.

ಅಳಿಯ: ಓದ್ತೀನಿ ಕೇಳು. "ಸದರಿ ಸ್ವತ್ತಿಗೆ ಸೇರಿದ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳ ಸಮೇತ..."

ಅತ್ತೆ: ಅದು ನಮ್ಮ ಮಾವನೋರ ಹಳೇ ಪತ್ರದಲ್ಲೂ ಇದೆ. ಮಂತ್ರದ ಹಾಗೆ ಎಲ್ಲಾ ಪತ್ರದಲ್ಲೂ ಬರ್ತದೆ. ಅರ್ಥ ಏನು ಅಂತ ಇವತ್ತಿನ ತನಕ ಯಾರೂ ಹೇಳಿಲ್ಲ.

ಅಳಿಯ: ನಾನೂ ಸಾವಿರಾರು ಸಲ ಬರೆದಿದ್ದೀನಿ ಅತ್ತೆ, ಈಚೆಗಷ್ಟೇ ಕೂತು ಯೋಚನೆ ಮಾಡಿದ್ದು. ವಿಜಯನಗರದ ಕಾಲದ ಶಾಸನಗಳಲ್ಲೂ ಇರೋ ಮಾತು ಅದು. ನೆಲದಲ್ಲಿ ಹೂತಿಟ್ಟ ಹಣ, ಬಾವಿ ನೀರು, ಕಲ್ಲು, ಕಾಯಮ್ಮಾಗಿ ಬರೋ ಹುಟ್ಟುವಳಿ, ಮುಂದೆ ಬರೋ ಆದಾಯ, ಈಗಾಗಲೇ ಹಸನಾಗಿರೋ ನೆಲ ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಕೊನೇದು ಸಾಧ್ಯ. ಇನ್ನೂ ಆಗಿಲ್ಲ, ಆದರೆ ಈ ನೆಲದಲ್ಲಿ ಮಾಡಬಹುದಾದ್ದು. ಆ ಕಾಲದಲ್ಲಿ ಬೀಳು ಒಡೆದು ಹೊಲ ಮಾಡೋದು ಸಾಧ್ಯ. ಇವತ್ತು ಹೊಲ ಒಡೆದು ಸೈಟು ಮಾಡೋದು ಸಾಧ್ಯ.

ಅತ್ತೆ: ಅಂದ್ರೆ ಲೇಔಟ್‌ನೋನು ದುಡ್ಡು ಕೊಡ್ತಿರೋದು ಆ ಕೊನೇ ಒಂದಕ್ಕೆ?

ಅಳಿಯ: ಹೌದು. ರಾಗಿ ಬೆಳೆಯೋ ನೆಲ ಅಂತ ಯಾರೂ ನಿನಗೆ ಆ ರೇಟು ಕೊಡಲ್ಲ. ನೂರು ರೂಪಾಯಿ ಕೊಡ್ತಾನೆ ಅಂತ ಇಟ್ಟುಕೋ. ಅದರಲ್ಲಿ ಮೂವತ್ತೋ ನಲವತ್ತೋ ಒಕ್ಕಲುತನದ ಬೆಲೆ, ಉಳಿದದ್ದೆಲ್ಲ ಸಾಧ್ಯದ ಬೆಲೆ. ಆ ಒಂದಕ್ಕೆ ಆಸೆಪಟ್ಟು ಎಂಟನ್ನೂ ಬರೆಸಿಕೊಳ್ತಾನೆ. ನಾನು ಇವತ್ತು ನಿನ್ನ ಹತ್ರ ಮಾತಾಡಬೇಕು ಅಂತ ಬಂದಿದ್ದು ಇದನ್ನೇ. ಆ ಎಂಟನೇದನ್ನ ಮಾತ್ರ ಮಾರಿ ಉಳಿದ ಏಳನ್ನ ಮನೇಲಿ ಇಟ್ಟುಕೊಳ್ಳೋ ದಾರಿ ಲೋಕದಲ್ಲಿ ಇದೆ.

ಅತ್ತೆ: ಅದನ್ನ ಮಾತ್ರ ಯಾರು ಕೊಂಡುಕೊಳ್ತಾರೆ? ಕೊಂಡು ಏನು ಮಾಡ್ತಾರೆ?

ಅಳಿಯ: ಊರು ಕೊಂಡುಕೊಳ್ಳುತ್ತೆ. ಕೊಂಡು ಏನೂ ಮಾಡದೆ ಇಟ್ಟುಕೊಳ್ಳುತ್ತೆ. ಅಮೆರಿಕಾದಲ್ಲಿ ನ್ಯೂಯಾರ್ಕ್ ಪಕ್ಕ ಸಫೋಕ್ ಅಂತ ಒಂದು ಕೌಂಟಿ, ನಮ್ಮ ಜಿಲ್ಲಾ ಪಂಚಾಯಿತಿ ಅಂದುಕೋ. ಆಲೂಗಡ್ಡೆ ಬೆಳೆಯೋ ಸೀಮೆ. ಪಟ್ಟಣ ಬೆಳೆದು ಹೊಲ ಎಲ್ಲ ಮನೆ ಆಗೋದನ್ನ ನೋಡಿ 1974ರಲ್ಲಿ ಒಂದು ಕಾನೂನು ಮಾಡಿದ್ರು. ರೈತನ ಹತ್ರ ಮನೆ ಕಟ್ಟೋ ಹಕ್ಕು ಮಾತ್ರ ಕೌಂಟಿ ಕೊಂಡುಕೊಳ್ಳೋದು, ಜಮೀನು ರೈತನದ್ದೇ. 1977ರಿಂದ ಕೊಳ್ಳೋಕೆ ಶುರು ಮಾಡಿದ್ರು. ರೈತ ಉಳಬಹುದು, ಮಾರಬಹುದು, ಮಕ್ಕಳಿಗೆ ಕೊಡಬಹುದು. ಆದರೆ ಯಾರ ಕೈಗೆ ಹೋದ್ರೂ ಆ ನೆಲ ಹೊಲವಾಗಿಯೇ ಇರಬೇಕು. ಕೊಲೊರಾಡೊದಲ್ಲಿ ರೌಟ್ ಅಂತ ಇನ್ನೊಂದು ಕೌಂಟಿ, ದನ ಮೇಯಿಸೋರ ನಾಡು. ಅಲ್ಲಿ 1996ರಲ್ಲಿ ಜನ ಓಟು ಹಾಕಿ, ತಮ್ಮ ಆಸ್ತಿ ತೆರಿಗೆಯಲ್ಲೇ ಒಂದಿಷ್ಟು ಇದಕ್ಕೆ ಅಂತ ತೆಗೆದಿಟ್ಟರು.

ಅತ್ತೆ: ದನ ಮೇಯಿಸೋರಿಗೋಸ್ಕರ ಪೇಟೆಯೋರು ತೆರಿಗೆ ಕಟ್ಟಿದ್ರಾ?

ಅಳಿಯ: ಕಟ್ಟಿದ್ರು. ಕ್ಯಾಲಿಫೋರ್ನಿಯಾದ ಮರಿನ್‌ನಲ್ಲಿ 1980ರಲ್ಲಿ ಇದೇ ಕೆಲಸಕ್ಕೆ ಒಂದು ಟ್ರಸ್ಟ್ ಹುಟ್ಟಿತು. ಕಟ್ಟಿದೋರು ಇಬ್ಬರು ಹೆಂಗಸರು. ಎಲೆನ್ ಸ್ಟ್ರಾಸ್ ನಿನ್ನ ಹಾಗೇ ಹಸು ಸಾಕಿ ಹಾಲು ಹಾಕೋಳು, ಫಿಲ್ಲಿಸ್ ಫೇಬರ್ ಜೀವಶಾಸ್ತ್ರ ಓದಿದೋಳು.

ಅತ್ತೆ: ಅದಕ್ಕೇ ಕೆಲಸ ಆಯ್ತು ಬಿಡು. ಹಾಲು ಕರೆಯೋಳಿಗೆ ಹುಲ್ಲಿನ ಬೆಲೆ ಗೊತ್ತು.

ನೋಡು, ನಿನಗೆ ಆ ಮೇಲಿನ ಬೀಳು ಗೊತ್ತಲ್ಲ. ನಾನು ಈ ಮನೆಗೆ ಬಂದಾಗ ಅಲ್ಲಿ ಹುಲ್ಲು ಮಂಡಿ ಮಟ್ಟ ಬರ್ತಿತ್ತು. ಎಂಬತ್ತರ ದಶಕದಲ್ಲಿ ಜಿಲ್ಲೆಗೆಲ್ಲ ನೀಲಗಿರಿ ಹುಚ್ಚು ಹಿಡೀತು. ಗಿಡ ಅವರೇ ಕೊಡ್ತಾರೆ, ಕೂಲಿ ಕೇಳಲ್ಲ, ನೀರು ಕೇಳಲ್ಲ ಅಂತ ನಮ್ಮ ಮಾವನೋರೂ ನಾಲ್ಕು ಎಕರೆಗೂ ನೆಟ್ಟುಬಿಟ್ರು. ಹತ್ತು ವರ್ಷಕ್ಕೆ ಅಲ್ಲಿ ಒಂದೆಳೆ ಹುಲ್ಲಿಲ್ಲ, ತೆರೆದ ಬಾವಿಯ ತಳ ಕಾಣಿಸ್ತು. ನಿಮ್ಮ ಮಾವ ತೀರಿಹೋದ ವರ್ಷ ನಾನೇ ನಿಂತು ಬೊಡ್ಡೆ ಕೀಳಿಸಿದೆ. ಕಡಿದ್ರೆ ಚಿಗುರ್ತದೆ ಅದು, ಬೇರು ಸಮೇತ ಕೀಳಬೇಕು. ಜೆಸಿಬಿ ಬಾಡಿಗೆಗೆ ಕಿವಿಯೋಲೆ ಅಡ ಇಟ್ಟೆ. ಆಮೇಲೂ ಮೂರು ಮಳೆಗಾಲ ನೆಲ ಸುಮ್ಮನೆ ಬೋಳು ಬಿದ್ದಿತ್ತು. ನಾಲ್ಕನೇ ವರ್ಷ ಗರಿಕೆ ಬಂತು. ನಾನು ಅಲ್ಲೇ ಕೂತು ಅತ್ತೆ ಕಣಪ್ಪ.

ಅಳಿಯ: 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ನೀನು ಅದಕ್ಕೂ ಮೊದಲೇ ಮಾಡಿದ್ದೆ.

ಅತ್ತೆ: ನನಗೆ ಆದೇಶ ಯಾಕೆ? ಬಾವಿ ಹೇಳ್ತು. ಈಗ ಆ ಬೀಳಿನಲ್ಲಿ ನನ್ನ ಐದು ಹಸು ಮಾತ್ರ ಮೇಯೋದಲ್ಲ, ಊರಿನ ಎರಡು ಮಂದೆ ಕುರಿ ಮೇಯ್ತವೆ. ನಾನು ಬೇಡ ಅನ್ನಲ್ಲ. ಅವಕ್ಕೆ ಬೇರೆ ಎಲ್ಲಿದೆ ಜಾಗ?

ಅಳಿಯ: ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಬಿಡಬೇಕು ಅಂತ 1966ರ ಕಂದಾಯ ನಿಯಮ.

ಅತ್ತೆ: ನಿಯಮ ಇರಬಹುದು. ನಮ್ಮೂರ ಗೋಮಾಳದಲ್ಲಿ ಒಂದಷ್ಟು ದರಖಾಸ್ತಿಗೆ ಹೋಯ್ತು, ಒಂದಷ್ಟು ಸೈಟಿಗೆ ಹೋಯ್ತು, ಉಳಿದದ್ದಕ್ಕೆ ಬಗರ್ ಹುಕುಂ ಅರ್ಜಿ. ಬಡವರಿಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಊರಿನ ಗೋಮಾಳ ಮುಗಿದ ಮೇಲೆ ನನ್ನ ಬೀಳೇ ಗೋಮಾಳ ಆಯ್ತಲ್ಲ, ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಅಳಿಯ: ನಾನು ಹೇಳೋಕೆ ಹೊರಟಿದ್ದೂ ಅದೇ. ನಿನ್ನ ನೆಲ ಊರಿಗೆ ಮಾಡ್ತಿರೋ ಕೆಲಸಕ್ಕೆ ಊರು ಕೂಲಿ ಕೊಡಬೇಕು. ಹುಲ್ಲು ಒಂದು. ಅದಕ್ಕಿಂತ ದೊಡ್ಡದು ನೀರು.

ಅತ್ತೆ: ನೀರಿನ ಮಾತು ನಾನು ಹೇಳ್ತೀನಿ, ನೀನು ಪತ್ರ ನೋಡಿದೋನು, ನಾನು ಮಳೆ ನೋಡಿದೋಳು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ಬೀಳಿನಿಂದ ನೀರು ತಕ್ಷಣ ಬರಲ್ಲ. ಹುಲ್ಲು ಕುಡಿದು, ನೆಲ ಕುಡಿದು, ಅರ್ಧ ಗಂಟೆ ಆದಮೇಲೆ ತಿಳಿಯಾಗಿ ಸಣ್ಣಗೆ ಇಳೀತದೆ. ಬದುವಿನ ಕೆಳಗೆ ಕೂಡಿಕೊಂಡು ಹಳ್ಳ ಸೇರ್ತದೆ, ಹಳ್ಳ ಕೆರೆ ಸೇರ್ತದೆ. ಪೂರ್ವಕ್ಕೆ ಹೋದ ವರ್ಷ ಲೇಔಟ್ ಆಯ್ತಲ್ಲ, ಅಲ್ಲಿಂದ ಮಳೆ ಬಿದ್ದ ಐದು ನಿಮಿಷಕ್ಕೇ ದಬದಬ ಅಂತ ಕೆಂಪು ನೀರು, ಸಿಮೆಂಟು ಚೀಲ, ಪ್ಲಾಸ್ಟಿಕ್ಕು. ಹಳ್ಳದ ಬಾಯಿಗೆ ಎರಡಡಿ ಮೋರಿ ಪೈಪು ಇಟ್ಟಿದಾರೆ. ಅದು ಕಟ್ಟಿಕೊಂಡು ನೀರು ರಸ್ತೆ ಮೇಲೆ ತಿರುಗಿ ಹೋಗ್ತದೆ, ಕೆರೆಗೆ ಬರಲ್ಲ.

ಅಳಿಯ: ಇದರ ಕಾನೂನು ಕೇಳಿದ್ರೆ ನಿನಗೆ ಆಶ್ಚರ್ಯ ಆಗ್ತದೆ. ಈಸ್‌ಮೆಂಟ್ ಕಾಯಿದೆ ಅಂತ 1882ರದ್ದು ಇದೆ. ಇನ್ನೊಬ್ಬರ ಹೊಲದ ಮೇಲೆ ದಾರಿ ಹಕ್ಕು, ಕಾಲುವೆ ಹಕ್ಕು, ಅದೆಲ್ಲ ಅದರ ಕೆಳಗೆ. ಇಪ್ಪತ್ತು ವರ್ಷ ತಡೆಯಿಲ್ಲದೆ ಓಡಾಡಿದ್ರೆ ದಾರಿ ಹಕ್ಕು ಹುಟ್ಟುತ್ತೆ. ಆದರೆ ಹಳ್ಳ ಸೇರೋಕೆ ಮೊದಲು ನೆಲದ ಮೇಲೆ ಹರಡಿ ಬರೋ ಮಳೆನೀರಿದೆಯಲ್ಲ, ಅದು ಎಷ್ಟು ವರ್ಷ ಬಂದಿದ್ರೂ ನನಗೇ ಬರಬೇಕು ಅನ್ನೋ ಹಕ್ಕು ಹಾಗೆ ತಾನಾಗಿ ಹುಟ್ಟಲ್ಲ. ಕೆರೆ ಐನೂರು ವರ್ಷದಿಂದ ನಿನ್ನ ಬೀಳಿನ ನೀರು ಕುಡಿದಿದೆ. ಆದರೂ ನೀನು ನಾಳೆ ಅದರ ಮೇಲೆ ಕಾಂಕ್ರೀಟ್ ಹಾಸಿದ್ರೆ ಅನುಭವದ ಹಕ್ಕು ಅಂತ ಕೆರೆ ಕೇಳೋ ಹಾಗಿಲ್ಲ.

ಅತ್ತೆ: ಹಾಗಾದ್ರೆ ಕೆರೆ ಏನು ಮಾಡಬೇಕು?

ಅಳಿಯ: ಕೊಂಡುಕೊಳ್ಳಬೇಕು. ತಾನಾಗಿ ಹುಟ್ಟದ ಹಕ್ಕನ್ನ ಪತ್ರ ಬರೆಸಿ ಕೊಳ್ಳೋಕೆ ಅಡ್ಡಿ ಇಲ್ಲ. ಆ ಕಾಯಿದೆಗೆ ಎರಡು ಜಮೀನು ಬೇಕು, ಒಂದು ಹೊರೆ ಹೊರೋದು, ಇನ್ನೊಂದು ಅದರಿಂದ ಉಪಯೋಗ ಪಡೆಯೋದು. ಅಮೆರಿಕಾದಲ್ಲಿ ಎರಡನೇ ಜಮೀನು ಇಲ್ಲದೆ ಬರೀ ಟ್ರಸ್ಟ್ ಹೆಸರಿಗೆ ಬರೆಸೋಕೆ ಬೇರೆ ಕಾನೂನು ಮಾಡಿಕೊಂಡಿದಾರೆ, ನಮ್ಮಲ್ಲಿ ಅದಿಲ್ಲ. ಆದರೆ ನಮ್ಮಲ್ಲಿ ಕೆರೆ ಇದೆ. ಕೆರೆ ಅಂಗಳ ಒಂದು ಜಮೀನು, ಅದಕ್ಕೆ ಸರ್ವೆ ನಂಬರಿದೆ. ನಿನ್ನ ಬೀಳು ಇನ್ನೊಂದು. ಕೆರೆಯ ಉಪಯೋಗಕ್ಕೋಸ್ಕರ ಈ ಬೀಳಿನ ಮೇಲೆ ಕಟ್ಟಡ ಏಳಬಾರದು, ನೆಲ ಮುಚ್ಚಬಾರದು, ಕಲ್ಲು ಕೀಳಬಾರದು ಅಂತ ಪಂಚಾಯಿತಿ ನಿನ್ನಿಂದ ಬರೆಸಿಕೊಂಡು ದುಡ್ಡು ಕೊಡಬಹುದಲ್ಲ. ನಾನು ವಕೀಲ ಅಲ್ಲ, ಕೋರ್ಟಿನಲ್ಲಿ ಇದು ನಿಲ್ಲೋ ಹಾಗೆ ಗಟ್ಟಿ ಮಾಡೋಕೆ ರಾಜ್ಯದ ಕಾನೂನೇ ಬೇಕಾಗ್ತದೆ. ಆದರೆ ಬೀಜ ನಮ್ಮ ನೆಲದಲ್ಲೇ ಇದೆ.

ಅತ್ತೆ: ಬೀಜ ಅಲ್ಲ ಕಣೋ, ಇದು ನಮ್ಮಲ್ಲಿ ಮರವಾಗೇ ಇತ್ತು. ಕೆರೆ ಕೆಳಗೆ ಕೊಡಿಗೆ ಹೊಲ ಅಂತ ಇದೆಯಲ್ಲ, ಯಾಕೆ ಆ ಹೆಸರು ಗೊತ್ತಾ? ಕೆರೆ ಕಟ್ಟಿಸಿದೋರಿಗೆ, ಏರಿ ನೋಡಿಕೊಳ್ಳೋರಿಗೆ ಹಿಂದೆ ಕೊಟ್ಟ ಹೊಲ ಅಂತೆ. ನಮ್ಮ ಅತ್ತೆ ಹೇಳೋಳು. ಏರಿ ಒಡೆದ್ರೆ ಆ ಹೊಲದೋರೇ ಮೊದಲು ಹಾರೆ ಹಿಡಿಬೇಕು.

ಅಳಿಯ: ಸರಿಯಾಗಿ ಹೇಳಿದೆ. ಕಟ್ಟುಕೊಡಗಿ ಅದು. ಅದಕ್ಕಿಂತ ಹಳೇದು ಬಿತ್ತುವಟ್ಟ. ಗಂಗರ ಕಾಲದ ಶಾಸನಗಳಲ್ಲೇ ಬರ್ತದೆ. ರೈಸ್ ದೊರೆ ನಮ್ಮ ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟವಾಗಿ 1905ರಲ್ಲಿ ಅಚ್ಚು ಹಾಕಿಸಿದ. ಅದನ್ನ ತಿರುವಿದ್ರೆ ಕೆರೆ, ತೂಬು, ಏರಿ, ಅದಕ್ಕೆ ಬಿಟ್ಟ ಗದ್ದೆ, ಇದೇ ಮತ್ತೆಮತ್ತೆ. ವರ್ಷವಿಡೀ ಹರಿಯೋ ಹೊಳೆ ಇಲ್ಲದ ನಾಡಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಕೆರೆ ನಿಂತಿದ್ದು ಹಾಗೆ. ನೆಲ ಹಿಡಿದೋನ ಮೇಲೆ ನೀರಿನ ಹೊಣೆ, ಹೊಣೆ ಹೊತ್ತೋನಿಗೆ ನೆಲದ ಪ್ರತಿಫಲ. ಇನಾಂ ರದ್ದಾದ ಕಾಲಕ್ಕೆ ಆ ಏರ್ಪಾಟು ಕಳಚಿಬಿತ್ತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಅತ್ತೆ: ಆ ಏರ್ಪಾಟನ್ನ ಹೊಗಳಬೇಡ ತೀರ. ನೀರಗಂಟಿ ತೂಬು ಕಾಯ್ದು ಕಾಯ್ದು ಸತ್ತ, ಅವನ ಮಕ್ಕಳಿಗೆ ಸಿಕ್ಕಿದ್ದು ಏನು? ನಿನ್ನ ಈ ದುಡ್ಡೂ ನನ್ನಂಥ ಜಮೀನಿದ್ದೋರಿಗೇ ಬರೋದು. ಕುರಿ ಮೇಯಿಸೋನಿಗೆ ಏನು ಬರ್ತದೆ? ಕೆಳಗಿನ ಕೇರಿಯೋರಿಗೆ ಏನು ಬರ್ತದೆ?

ಅಳಿಯ: ನೀನು ಕೇಳ್ತಿರೋದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನನ್ನ ಹತ್ರ ಪೂರಾ ಉತ್ತರ ಇಲ್ಲ. ಆದರೆ ಒಂದು ಹೇಳ್ತೀನಿ. ಜಮೀನಿನ ಮೇಲೆ ಕಟ್ಟುಪಾಡು ಹಾಕೋದು ನಮ್ಮ ಸರ್ಕಾರಕ್ಕೆ ಹೊಸದಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಅನುಮತಿ ಇಲ್ಲದೆ ಪರಭಾರೆ ಮಾಡಬಾರದು ಅಂತ 1978ರ ಪಿಟಿಸಿಎಲ್ ಕಾಯಿದೆ ಇದೆ. ಒಳ್ಳೇದಕ್ಕೇ ಮಾಡಿದ್ದು. ಅದಿಲ್ಲದಿದ್ರೆ ಕೆಳಗಿನ ಕೇರಿಯ ಜಮೀನು ಅಷ್ಟೂ ಎಂದೋ ಕೈಬಿಟ್ಟಿರೋದು. ನೋಡು, ಬಡವನ ಜಮೀನಿಗೆ ಕಟ್ಟುಪಾಡು ಇದೆ, ಅದನ್ನ ಹೊರೋದಕ್ಕೆ ಅವನಿಗೆ ಒಂದು ಕಾಸಿಲ್ಲ. ಅದಕ್ಕೆ ಕೆರೆ ಮೇಲ್ಗಡೆ ಅಂಥೋರ ಎರಡು ಎಕರೆ, ಮೂರು ಎಕರೆ ಇದ್ರೆ ಮೊದಲ ದುಡ್ಡು ಅಲ್ಲಿಗೆ ಹೋಗಬೇಕು. ಮೇಯಿಸೋ ಹಕ್ಕನ್ನೂ ಪತ್ರದಲ್ಲೇ ಬರೀಬೇಕು, ನೀನು ಬೇಡ ಅನ್ನಲ್ಲ ಅನ್ನೋ ಮಾತಿನ ಮೇಲೆ ಬಿಡಬಾರದು. ನಿನ್ನ ಸೊಸೆ ಬೇಡ ಅನ್ನಬಹುದು.

ಅತ್ತೆ: ಅಂತಾಳೆ.

ಅಳಿಯ: ಇನ್ನು ನೀರಗಂಟಿ. ಮರಿನ್‌ನ ಟ್ರಸ್ಟಿನೋರು ವರ್ಷವರ್ಷ ಬಂದು ಜಮೀನೆಲ್ಲ ನಡೆದು ನೋಡ್ತಾರೆ, ಬರೆದ ಹಾಗೆ ಇದೆಯಾ ಇಲ್ಲವಾ ಅಂತ. ನಮ್ಮೂರಲ್ಲಿ ಆ ಕೆಲಸ ನೀರಗಂಟಿಯ ಮೊಮ್ಮಗನಿಗೆ ಸಂಬಳ ಕೊಟ್ಟು ಮಾಡಿಸಬೇಕು. ಹಳ್ಳ ಯಾವುದು, ಬದು ಯಾವುದು ಅಂತ ಅವನಿಗೆ ಗೊತ್ತಿರೋವಷ್ಟು ತಾಲ್ಲೂಕು ಸರ್ವೇಯರಿಗೂ ಗೊತ್ತಿರಲ್ಲ.

ಅತ್ತೆ: ಪಂಚಾಯಿತಿ ಹತ್ರ ಬೀದಿ ದೀಪಕ್ಕೇ ದುಡ್ಡಿಲ್ಲ. ನನ್ನ ಸಾಧ್ಯ ಎಲ್ಲಿಂದ ಕೊಂಡುಕೊಳ್ಳುತ್ತೆ?

ಅಳಿಯ: ಒಂದು ಎಕರೆ ಹೊಲ ಅಲಿನೇಷನ್ ಆಗಿ ಸೈಟಿಗೆ ತಿರುಗಿದಾಗಲೆಲ್ಲ ಸರ್ಕಾರಕ್ಕೆ ಶುಲ್ಕ ಬರ್ತದೆ. ಒಂದು ಕಡೆ ಹೊಲ ಕಳೆದ ದುಡ್ಡಲ್ಲಿ ಸ್ವಲ್ಪ, ಇನ್ನೊಂದು ಕಡೆ ಹೊಲ ಉಳಿಸೋಕೆ ಮೀಸಲಿಡಲಿ. ನರಸಾಪುರದಲ್ಲಿ, ವೇಮಗಲ್‌ನಲ್ಲಿ, ಇಲ್ಲಿ ಮಾಲೂರಲ್ಲಿ ಕೈಗಾರಿಕೆ ಬಂದಿದೆ. ನರಸಾಪುರದಲ್ಲಿ ಬೈಕು ಮಾಡ್ತಾರೆ, ಫೋನು ಮಾಡ್ತಾರೆ. ನಮ್ಮ ಹುಡುಗ ಹುಡುಗೀರಿಗೆ ಕೆಲಸ ಸಿಕ್ಕಿದೆ, ನಾನು ಬೇಡ ಅನ್ನಲ್ಲ. ಅಲ್ಲಿಂದ ಬರೋ ತೆರಿಗೆಯಲ್ಲಿ ಕೆರೆಯ ಪಾಲು ಅಂತ ಒಂದಿರಲಿ.

ಇನ್ನೊಂದು ಬೆಂಗಳೂರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ದಿನ ನಾನೂ ನೋಡೋಕೆ ಹೋಗಿದ್ದೆ. ಬತ್ತಿದ ಕೆರೆ ತುಂಬೋದು ನೋಡಿ ಹಿರಿಯರು ಕೈ ಮುಗಿದ್ರು. ಮುಂದಿನ ತಿಂಗಳೇ ನೊರೆ ಬಂತು, ಹೈಕೋರ್ಟಿಗೆ ಹೋಯ್ತು, ಸುಪ್ರೀಂ ಕೋರ್ಟಿಗೂ ಹೋಯ್ತು. ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅಂತ ಜನ ಅವತ್ತಿಂದ ಕೇಳ್ತಾನೇ ಇದಾರೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನ ನಾವು ತುಂಬಿಸಿಕೊಳ್ತೀವಿ, ನಮ್ಮ ಹುಲ್ಲು ಸೋಸಿ ಕೊಡೋ ನೀರನ್ನ ಲೇಔಟಿಗೆ ಬಿಟ್ಟುಕೊಡ್ತೀವಿ. ನ್ಯೂಯಾರ್ಕ್ ಪಟ್ಟಣ 1997ರಲ್ಲಿ ಮಾಡಿದ್ದು ಇದರ ತಿರುಗಾಮುರುಗಾ. ದೊಡ್ಡ ಶುದ್ಧೀಕರಣ ಘಟಕ ಕಟ್ಟೋ ಬದಲು, ತನಗೆ ನೀರು ಬರೋ ಕ್ಯಾಟ್‌ಸ್ಕಿಲ್ ಬೆಟ್ಟದ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ರೈತರಿಗೆ ದುಡ್ಡು ಕೊಟ್ಟು ನೆಲವನ್ನ ನೆಲವಾಗಿ ಇಡಿಸ್ತು. ಈಗಲೂ ಇಡಿಸ್ತಿದೆ.

ಅತ್ತೆ: ಸರ್ಕಾರದ ಹೆಸರು ಬಂದ್ರೆ ನನಗೆ ಭಯ. ಇವತ್ತು ಕಟ್ಟಬೇಡ ಅಂತ ಬರೆಸಿಕೊಳ್ತಾರೆ, ನಾಳೆ ಅವರೇ ನೋಟಿಫಿಕೇಶನ್ ಹಾಕಿ ಫ್ಯಾಕ್ಟರಿಗೆ ತಗೊಳ್ತಾರೆ. ದೇವನಹಳ್ಳಿಯೋರು ಎಷ್ಟು ದಿನ ಕೂತ್ರು!

ಅಳಿಯ: ಮೂರು ವರ್ಷಕ್ಕೂ ಮೇಲೆ. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿ, 1,777 ಎಕರೆ. 2025ರ ಜುಲೈನಲ್ಲಿ ಸ್ವಾಧೀನ ಕೈಬಿಟ್ಟಿದ್ದೀವಿ ಅಂತ ಮುಖ್ಯಮಂತ್ರಿಗಳು ಹೇಳಿದ್ರು. ಒಪ್ಪಿ ಕೊಡೋರು ಕೊಡಬಹುದು ಅಂತಲೂ ಹೇಳಿದ್ರು. ಅದು ದೊಡ್ಡ ಗೆಲುವು, ಅದರಲ್ಲಿ ಅನುಮಾನ ಇಲ್ಲ. ಆದರೆ ಕೊಡಲ್ಲ ಅಂದ ರೈತನ ಮುಂದೆ ಮಾರನೇ ದಿನ ದಲ್ಲಾಳಿ ಬಂದು ನಿಲ್ತಾನೆ. 2020ರ ತಿದ್ದುಪಡಿ ಆದ ಮೇಲೆ ಒಕ್ಕಲುತನ ಮಾಡದೋರೂ ಜಮೀನು ಕೊಳ್ಳಬಹುದು. ಹಿಂದೆ 79ಎ, 79ಬಿ ಅಂತ ಪತ್ರ ವಾಪಸ್ ಕಳಿಸ್ತಿದ್ದೆವು, ಈಗ ಆ ತಡೆ ಇಲ್ಲ. ಸರ್ಕಾರ ಬಲವಂತದಿಂದ ತಗೊಳ್ಳೋದನ್ನ ಹೋರಾಟ ತಡೆಯುತ್ತೆ. ಸಾಲ ಆಗಿ, ಮಗಳ ಮದುವೆ ಬಂದು, ನಾವೇ ಮಾರೋದನ್ನ ಯಾವುದು ತಡೆಯುತ್ತೆ?

ನಮ್ಮ ಮನೇನೇ ನೋಡು. 2025ರ ಜೂನ್ ನೆನಪಿಟ್ಟುಕೋ. ತೋತಾಪುರಿ ಬೆಲೆ ಪಾತಾಳಕ್ಕೆ ಬಿತ್ತು, ಚಿತ್ತೂರಿನೋರು ನಮ್ಮ ಕಾಯಿ ಒಳಗೆ ಬಿಡಲ್ಲ ಅಂದ್ರು, ಶ್ರೀನಿವಾಸಪುರ ಬಂದ್ ಆಯ್ತು. ಅಪ್ಪ ಕಾಯಿ ಕೀಳಿಸಲೇ ಇಲ್ಲ. ಕೀಳೋ ಕೂಲಿ, ಲಾರಿ ಬಾಡಿಗೆ ಹುಟ್ಟಲ್ಲ ಅಂತ. ಮರದ ಕೆಳಗೆ ಕೊಳೆತ ಹಣ್ಣಿನ ವಾಸನೆ ಮನೆ ತನಕ ಬರ್ತಿತ್ತು. ಆ ವಾರ ಯಾರಾದ್ರೂ ಬಂದು ಈ ತೋಪು ತೋಪಾಗೇ ಇರಲಿ, ಅದಕ್ಕೆ ಇಷ್ಟು ತಗೋ ಅಂದಿದ್ರೆ ಅಪ್ಪ ರಸ್ತೆ ಪಕ್ಕದ ಎರಡು ಎಕರೆ ಮಾರ್ತಿರಲಿಲ್ಲ. ಆ ಪತ್ರವನ್ನ ನನ್ನ ಕೈಯಲ್ಲೇ ಬರೆದೆ ಅತ್ತೆ.

(ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಇಂಥ ಕಾನೂನು ಇಲ್ಲಿ ಇನ್ನೂ ಬಂದಿಲ್ಲ, ಸೋಮವಾರದೊಳಗೆ ಬರುವುದೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.)

ಅತ್ತೆ: ಯಾವತ್ತಿಗೂ ಅಂತ ಬರೀಬೇಕಾ? ಮೊಮ್ಮಕ್ಕಳ ಕೈ ಕಟ್ಟಿಹಾಕೋಕೆ ನಾನು ಯಾರು?

ಅಳಿಯ: ಮಾರಿದ್ರೂ ಅವರ ಕೈ ಕಟ್ಟಿದ ಹಾಗೇ. ಅದು ನಮಗೆ ಹಾಗೆ ಕಾಣಿಸಲ್ಲ ಅಷ್ಟೆ. ಮೂವತ್ತು ವರ್ಷಕ್ಕೂ ಬರೀಬಹುದು, ದುಡ್ಡು ಕಮ್ಮಿ ಬರ್ತದೆ. ನನ್ನ ಮನಸ್ಸು ಕೇಳಿದ್ರೆ ಯಾವತ್ತಿಗೂ ಇರಲಿ. ಮುಳಬಾಗಿಲಿನ ಕಡೆ ಹೋಗೋವಾಗ ಬೆಟ್ಟಗಳನ್ನ ನೋಡಿದೀಯಲ್ಲ. ನಮ್ಮ ಜಿಲ್ಲೆಯ ಹನುಮನಹಳ್ಳಿ ಹತ್ರ ಗವಿಯಲ್ಲಿ ಒಂದು ಜಾತಿ ಬಾವಲಿ ಇದೆ, ಕೋಲಾರದ ಹೆಸರಲ್ಲೇ ಕರೀತಾರೆ. 1994ರಲ್ಲಿ ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟರು. ಪ್ರಪಂಚದಲ್ಲಿ ಬೇರೆಲ್ಲೂ ಇದ್ದ ಗುರುತಿಲ್ಲ, ಎಣಿಸಿದ್ರೆ ಇನ್ನೂರು ಸಿಗಲ್ಲ. ಕಲ್ಲಿಗಾಗಿ ಆ ಬೆಟ್ಟವನ್ನೇ ಒಡೀತಿದ್ರು. ಪಾಷಾಣ ಅಂತ ಪತ್ರದಲ್ಲಿ ಒಂದೇ ಪದ ಬರೀತೀವಿ. ಆ ಒಂದು ಪದದ ಒಳಗೆ ಒಂದು ಜಾತಿಯ ಪ್ರಾಣಿ ಪೂರ್ತಿ ಇರ್ತದೆ. ಮೂವತ್ತು ವರ್ಷ ಆದಮೇಲೆ ಒಡೆದ್ರೂ ಅದು ವಾಪಸ್ ಬರಲ್ಲ.

ಅತ್ತೆ: ಬರೆದದ್ದು ಎಲ್ಲಿರ್ತದೆ? ಕಬ್ಬಿಣದ ಬೀರುವಿನಲ್ಲಿ ಇಟ್ಟರೆ ಮಗ ತೋರಿಸಲ್ಲ.

ಅಳಿಯ: ಪಹಣಿಯಲ್ಲಿ. ಒಂಬತ್ತನೇ ಕಾಲಂನಲ್ಲಿ ನಿನ್ನ ಹೆಸರಿದೆ. ಹನ್ನೊಂದರಲ್ಲಿ ಇತರೆ ಹಕ್ಕು, ಋಣ. ಸೊಸೈಟಿ ಸಾಲ ತಗೊಂಡಾಗ ಅಲ್ಲೇ ಬರೆದಿದ್ರಲ್ಲ. ಸಾಲ ಬರೆಯೋ ಜಾಗದಲ್ಲೇ ಕೆರೆಯ ಹಕ್ಕೂ ಬರಲಿ. ಯಾರು ಪಹಣಿ ತೆಗೆಸಿದ್ರೂ ಕಣ್ಣಿಗೆ ಬೀಳಬೇಕು.

ಅತ್ತೆ: ಸರಿ. ಸೋಮವಾರ ನಾನು ಸಹಿ ಹಾಕಲ್ಲ. ಮಗನಿಗೆ ನಾನೇ ಹೇಳ್ತೀನಿ, ಮಗಳನ್ನೂ ಮುಳಬಾಗಿಲಿಂದ ಕರೆಸ್ತೀನಿ, ಅವಳಿಗೂ ಪಾಲಿದೆ. ನೀನು ಈ ತರಹದ್ದೊಂದು ಅರ್ಜಿ ಗ್ರಾಮಸಭೆಗೆ ಬರೆದುಕೊಡು. ಕಾನೂನು ಇಲ್ಲ ಅಂತಾರೆ, ಅನ್ನಲಿ. ಕೇಳಿದೋರು ಒಬ್ಬರಿದ್ರು ಅಂತ ನಡಾವಳಿ ಪುಸ್ತಕದಲ್ಲಾದ್ರೂ ಇರಲಿ.

ಅಳಿಯ: ಬರೀತೀನಿ. ಈ ಅಗ್ರಿಮೆಂಟಲ್ಲಿರೋ ಚೆಕ್ಕುಬಂದಿಯನ್ನೇ ಇಳಿಸಿಕೊಳ್ತೀನಿ, ಸರಿ ಇದೆಯಾ ಹೇಳು. ಪೂರ್ವಕ್ಕೆ ಲೇಔಟ್. ಪಶ್ಚಿಮಕ್ಕೆ ನಿಮ್ಮ ಮೈದುನರ ಜಮೀನು. ದಕ್ಷಿಣಕ್ಕೆ ಗಾಡಿ ದಾರಿ. ಉತ್ತರಕ್ಕೆ ಸರ್ಕಾರಿ ಖರಾಬು.

ಅತ್ತೆ: ಉತ್ತರಕ್ಕೆ ಏನಂದೆ?

ಅಳಿಯ: ಸರ್ಕಾರಿ ಖರಾಬು.

ಅತ್ತೆ: ಖರಾಬು ಅಂತ ಯಾರು ಬರೆದ್ರು ಅದನ್ನ? ಟ್ರಂಕಿನಲ್ಲಿ ನಮ್ಮ ಮಾವನೋರ ಪತ್ರ ಇದೆ, ತಂದು ತೋರಿಸ್ತೀನಿ. ಅದರಲ್ಲಿ ಇರೋ ಹಾಗೇ ಬರಿ. ಉತ್ತರಕ್ಕೆ, ಕೆರೆಗೆ ನೀರು ಹೋಗುವ ಹಳ್ಳ.